ಡ್ರಿಲ್ ಮೇಡಂ ಅವರ ಬಲಭುಜ

ಗುಬ್ಬಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ನಾನು ಡ್ರಿಲ್ ಮೇಡಂ ಆಗಿದ್ದೆ. ಸರ್ಕಾರದ ಕಾಗದದಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ ಎಂದಿದ್ದರೂ ಊರಿನಲ್ಲಿ ಆ ಮಾತು ಯಾರ ಬಾಯಲ್ಲೂ ನಿಲ್ಲುತ್ತಿರಲಿಲ್ಲ. ಸಂತೆಗೆ ಹೋದರೆ ಸೊಪ್ಪು ಮಾರುವವಳು ಕೂಡ "ಡ್ರಿಲ್ ಮೇಡಮ್ನೋರೆ, ಬನ್ನಿ ಇತ್ತಾಗೆ" ಎಂದು ಕರೆಯುತ್ತಿದ್ದಳು. ಬಿಳಿ ಸೀರೆ, ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ವಿಷಲ್ಲು. ಸೀರೆ ಉಟ್ಟು ಶೂ ಹಾಕಿದ ಹೆಂಗಸನ್ನು ಎಪ್ಪತ್ತರ ದಶಕದ ಗುಬ್ಬಿ ನಿಂತು ನೋಡುತ್ತಿತ್ತು. ನನಗೆ ಅದರಿಂದ ಮುಜುಗರವಾದದ್ದು ನೆನಪಿಲ್ಲ. ನೋಡಲಿ ಎಂದೇ ನಡೆಯುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ತುಮಕೂರಿನಲ್ಲಿ. ನಮ್ಮ ಬೀದಿಯ ಕೊನೆಯಲ್ಲಿ ಖಾಲಿ ಸೈಟಿತ್ತು. ಸಂಜೆಯಾದರೆ ಗಂಡಸರು ಅಲ್ಲಿ ನೆಟ್ ಕಟ್ಟಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದರು. ಹಳದಿ ಉಲ್ಲನ್ ಚೆಂಡು, ದಾರ ಬಿಗಿದ ಬ್ಯಾಟು. ಅಪ್ಪ ಚೆನ್ನಾಗಿ ಆಡುತ್ತಿದ್ದರು. ಐದು ಜನರ ತಂಡಕ್ಕೆ ಒಬ್ಬರು ಕಡಿಮೆಯಾದ ಒಂದು ಸಂಜೆ ನನ್ನನ್ನು ಕೂಗಿ ಹಿಂದೆ ನಿಲ್ಲಿಸಿದರು. ಅಲ್ಲಿಂದ ಕಾಲೇಜು ತಂಡ, ಕಾಲೇಜಿನಿಂದ ಜಿಲ್ಲೆಯ ತಂಡ. ನನ್ನ ಸ್ಮ್ಯಾಶ್ ಎಂದರೆ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಬಲಗೈ ತಲೆಯ ಮೇಲೆ ಪೂರ್ತಿ ಹೋಗಿ ಚಾಟಿಯ ಹಾಗೆ ಕೆಳಗಿಳಿಯುತ್ತಿತ್ತು. ಆ ಕೈಯಿಂದಲೇ ನನಗೆ ತರಬೇತಿಗೆ ಸೀಟು ಸಿಕ್ಕಿತು, ಆ ಕೈಯಿಂದಲೇ ಕೆಲಸ ಸಿಕ್ಕಿತು ಎಂದು ನಾನು ನಂಬಿದ್ದೆ.

ಕೆಲಸಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ ಮದುವೆಯಾಯಿತು. ಗಂಡನ ಊರು ಕುಣಿಗಲ್. ಅವರು ಅಲ್ಲಿಯ ಜೂನಿಯರ್ ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕರು. ಮನೆಯಲ್ಲಿ ಅವರು, ಅವರ ತಾಯಿ, ನಾನು. ಗುಬ್ಬಿಯಲ್ಲಿ ರೂಮು ಮಾಡಿಕೊಂಡು ಶನಿವಾರ ಬರುತ್ತೇನೆ ಎಂದಿದ್ದೆ. ಅತ್ತೆ ಒಪ್ಪಲಿಲ್ಲ. "ಮದ್ವೆ ಆದೋಳು ವಾರಕ್ಕೊಂದ್ ಸಲ ಬಂದು ಹೋಗಕ್ಕೆ ಇದೇನು ನೆಂಟರ ಮನೆಯಾ?" ಎಂದರು. ಹಾಗಾಗಿ ದಿನವೂ ಕುಣಿಗಲ್ಲಿಂದ ತುಮಕೂರಿಗೆ ಒಂದು ಬಸ್ಸು, ತುಮಕೂರಿಂದ ಗುಬ್ಬಿಗೆ ಇನ್ನೊಂದು. ಸಂಜೆ ಅದೇ ದಾರಿ ಹಿಂದಕ್ಕೆ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಗುವುದು ಅಪರೂಪ. ಹೆಗಲಿಗೆ ಬ್ಯಾಗು ಹಾಕಿ, ಮೇಲಿನ ಕಂಬಿಯನ್ನು ಬಲಗೈಯಲ್ಲಿ ಹಿಡಿದು ಹೆಬ್ಬೂರಿನ ತಿರುವುಗಳಲ್ಲಿ ಓಲಾಡುತ್ತ ಹೋಗುತ್ತಿದ್ದೆ.

ಹೊರಡುವ ಮುಂಚೆ ನೀರು ಸೇದಬೇಕಿತ್ತು. ಕುಣಿಗಲ್ ಮನೆಯ ಹಿತ್ತಲಲ್ಲಿ ಆಳದ ಬಾವಿ. ಹಂಡೆ, ಕೊಳಗ, ದನದ ಬಾನಿ ಎಲ್ಲ ತುಂಬುವುದು ಸೊಸೆಯ ಕೆಲಸ. ನನಗೆ ಅದರ ಬಗ್ಗೆ ದೂರಿರಲಿಲ್ಲ. ಗಟ್ಟಿ ಮೈ. ಕೊಡ ಮೇಲೆ ಬರುವಾಗ ತೋಳಿನ ಬಲ ನೋಡಿ ನನಗೇ ಖುಷಿಯಾಗುತ್ತಿತ್ತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ನಿಮ್ ಸೊಸೆ ಗಂಡಸ್ರಂಗೆ ಸೇದ್ತಾಳಲ್ಲ" ಎಂದರೆ ಅತ್ತೆಯ ಮುಖ ಅರಳುತ್ತಿತ್ತು. ನಾನೂ ಇನ್ನೊಂದು ಕೊಡ ಹೆಚ್ಚಿಗೆ ಸೇದುತ್ತಿದ್ದೆ.

ನೋವು ಶುರುವಾದದ್ದು ಎಂಬತ್ತರ ದಶಕದ ಆರಂಭದಲ್ಲಿ, ಬಸ್ಸಿನಲ್ಲಿ. ಎಮ್ಮೆಯೊಂದು ಅಡ್ಡ ಬಂದು ಡ್ರೈವರು ಗಕ್ಕನೆ ಬ್ರೇಕು ಹಾಕಿದ. ಮೈಯೆಲ್ಲ ಮುಂದಕ್ಕೆ ಹೋಯಿತು, ಕೈ ಕಂಬಿಯಲ್ಲೇ ಉಳಿಯಿತು. ಭುಜದೊಳಗೆ ಚಳಕ್ ಎಂದಂತಾಯಿತು. ಆ ದಿನ ಅದಕ್ಕೆ ಬೆಲೆ ಕೊಡಲಿಲ್ಲ. ಸಂಜೆ ತಾಲ್ಲೂಕು ಪಂದ್ಯಕ್ಕೆ ಹುಡುಗಿಯರನ್ನು ತಯಾರು ಮಾಡುತ್ತ ಸ್ಮ್ಯಾಶ್ ಹೊಡೆದು ತೋರಿಸಿದೆ. ಮರುದಿನ ನೀರು ಸೇದಿದೆ. ಒಂದು ವಾರ ಹೀಗೇ ನಡೆಯಿತು. ಆಮೇಲೆ ನೋವು ಭುಜದಿಂದ ಇಳಿದು ತೋಳಿನ ಮಧ್ಯಕ್ಕೆ ಬಂದು ಕೂತಿತು. ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿದರೆ ಚುಳ್ಳೆನ್ನುತ್ತಿತ್ತು. ಸೆರಗಿಗೆ ಪಿನ್ನು ಚುಚ್ಚುವುದು ಕಷ್ಟವಾಯಿತು. ಬಲಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ನಿದ್ದೆ ಕೆಟ್ಟ ಮರುದಿನ ನೋವು ಇನ್ನೂ ಹೆಚ್ಚು.

ಮೊದಲು ಅತ್ತೆಯ ತವರು ಕೊತ್ತಗೆರೆಗೆ ಹೋಗಿಬಂದೆವು. ಅಲ್ಲಿ ಉಳುಕು ನೀವುವ ಅಜ್ಜಿಯೊಬ್ಬರಿದ್ದರು. ಬಿಸಿ ಎಣ್ಣೆ ಹಚ್ಚಿ ನೀವಿದರು. ಎರಡು ದಿನ ಹಾಯೆನಿಸಿತು, ಮೂರನೆಯ ದಿನ ಮತ್ತೆ ಅದೇ. ಆಮೇಲೆ ತುಮಕೂರಿನ ಒಬ್ಬ ಮೂಳೆ ಡಾಕ್ಟರ ಬಳಿ ಹೋದೆ. ಎಕ್ಸ್‌ರೇ ತೆಗೆಸಿದರು. ಬೆಳಕಿಗೆ ಹಿಡಿದು ನೋಡಿ, ನನ್ನ ಕೈಯನ್ನು ಅತ್ತಿತ್ತ ತಿರುಗಿಸಿ ಹೇಳಿದರು: "ಮೂಳೆಗೆ ಏನಾಗಿಲ್ಲ. ಭುಜದ ಕೀಲನ್ನ ಸುತ್ತ ಹಿಡ್ಕೊಂಡಿರೋ ಸ್ನಾಯು ಇದೆಯಲ್ಲ, ಅದು ಸವೆದಿದೆ. ಕೈ ಮೇಲೆತ್ತೋ ಕೆಲಸ ಯಾವುದೂ ಬೇಡ. ಆಟ ಗೀಟ ಬಿಟ್ಬಿಡಿ."

"ಎಷ್ಟು ದಿನ ಸಾರ್?"

"ಬಿಟ್ಬಿಡಿ ಅಂದೆ."

ಅವರು ಕೆಟ್ಟ ಮನುಷ್ಯರಲ್ಲ. ಹೊರಗೆ ಬೆಂಚಿನ ತುಂಬ ರೋಗಿಗಳಿದ್ದರು. ಆದರೆ 'ಸವೆದಿದೆ' ಎಂಬ ಆ ಒಂದು ಮಾತು ನನ್ನ ಜೊತೆ ಕುಣಿಗಲ್ ಬಸ್ಸು ಹತ್ತಿತು. ಸವೆದ ಬಟ್ಟೆ ನನಗೆ ಗೊತ್ತಿತ್ತು. ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ, ಇನ್ನೊಂದು ಸಲ ಹಿಂಡಿದರೆ ಪರ್ರೆನ್ನುತ್ತದೆ. ನನ್ನ ಭುಜದೊಳಗೆ ಅಂಥದೊಂದು ಚಿಂದಿ ನೇತಾಡುತ್ತಿದೆ ಎಂದು ಮನಸ್ಸಿಗೆ ಬಂದುಬಿಟ್ಟಿತು. ಅಂದಿನಿಂದ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ನಡೆಯತೊಡಗಿದೆ. ನೀರನ್ನು ಎಡಗೈಯಲ್ಲಿ ಎಳೆದು, ಹಗ್ಗವನ್ನು ಕಾಲಲ್ಲಿ ತುಳಿದು ಹಿಡಿದು, ಹೇಗೋ ಸೇದುತ್ತಿದ್ದೆ. ಕೈಗೆ ವಿಶ್ರಾಂತಿ ಸಿಕ್ಕಷ್ಟೂ ನೋವು ಇಳಿಯಬೇಕಿತ್ತು. ಇಳಿಯಲಿಲ್ಲ. ಮೊದಲು ತಲೆಯ ತನಕ ಹೋಗುತ್ತಿದ್ದ ಕೈ ಈಗ ಎದೆಯ ಮಟ್ಟಕ್ಕೆ ನಿಲ್ಲುತ್ತಿತ್ತು.

ಜೂನ್ ಕೊನೆಗೇ ಶಾಲೆಯಲ್ಲಿ ಆಗಸ್ಟ್ ಹದಿನೈದರ ಮಾಸ್ ಡ್ರಿಲ್ ತಯಾರಿ ಶುರುವಾಯಿತು. ಮೈದಾನದಲ್ಲಿ ಹುಡುಗಿಯರ ಸಾಲು, ಮುಂದೆ ಮೇಜಿನ ಮೇಲೆ ನಾನು. "ಕೈ ಮೇಲೆ!" ಎಂದು ಎಡಗೈ ಎತ್ತಿದೆ. ನನ್ನ ಕಡೆ ಮುಖ ಮಾಡಿ ನಿಂತವರಲ್ಲಿ ಅರ್ಧ ಜನ ಎಡಗೈ ಎತ್ತಿದರು, ಅರ್ಧ ಜನ ಬಲಗೈ. ಕೆಲವರು ಎರಡನ್ನೂ ಎತ್ತಿ ಪಕ್ಕದವರನ್ನು ನೋಡಿದರು. ಮುಂದಿನ ಸಾಲಿನ ಹುಡುಗಿ ಕೂಗಿ ಕೇಳಿದಳು, "ಮಿಸ್, ಎರಡು ಕೈನೂ ಎತ್ತೋದಲ್ವ ಮಿಸ್?" ನಾನು ಬಲಗೈ ಎತ್ತಲು ಹೋದೆ. ಅದು ಎದೆಯ ಮಟ್ಟದಲ್ಲಿ ನಿಂತುಬಿಟ್ಟಿತು. ಇಡೀ ಮೈದಾನ ಅದನ್ನು ನೋಡಿತು. ನಾನು ವಿಷಲ್ ಊದಿ ಎಲ್ಲರನ್ನೂ ಓಡಲು ಕಳಿಸಿದೆ.

ಹೆಡ್‌ಮಿಸ್ಟ್ರೆಸ್ ಆಫೀಸಿನ ಕಿಟಕಿಯಿಂದ ನೋಡುತ್ತಿದ್ದರು. ಮಧ್ಯಾಹ್ನ ಕರೆಸಿದರು. "ಹೊಲಿಗೆ ಕ್ಲಾಸಿಗೆ ಜನ ಇಲ್ಲ. ನೀವು ಈ ವರ್ಷ ಅದನ್ನ ನೋಡ್ಕೊಳ್ಳಿ. ಡ್ರಿಲ್ಲಿಗೆ ಬೇರೆ ವ್ಯವಸ್ಥೆ ಮಾಡೋಣ" ಎಂದರು. ದನಿಯಲ್ಲಿ ಕನಿಕರವೇ ಇತ್ತು. ಆ ಕನಿಕರ ನನಗೆ ಸಹಿಸಲಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಮೇಡಂಗೆ ಬಿಸಿಲು ಸಾಕಾಗಿರ್ಬೇಕು" ಎಂದು ನಕ್ಕರು. ಕಣ್ಣಿಗೆ ಕಾಣದ ನೋವಿಗೆ ಅದೊಂದು ಕಷ್ಟ. ಕೈಗೆ ಪ್ಲಾಸ್ಟರ್ ಹಾಕಿದ್ದರೆ ಎಲ್ಲರೂ ನಂಬುತ್ತಿದ್ದರು.

ಮನೆಯಲ್ಲಿ ಗಂಡ ಎಷ್ಟೋ ಸಲ "ಹೇಗಿದೆ ಕೈ?" ಎಂದು ಕೇಳುತ್ತಿದ್ದರು, ಉತ್ತರ ಕೇಳುವಷ್ಟರಲ್ಲಿ ಪುಸ್ತಕ ತೆರೆದಿರುತ್ತಿತ್ತು. ಅತ್ತೆ ಒಂದು ಬೆಳಿಗ್ಗೆ, ನಾನು ಕಾಲಲ್ಲಿ ಹಗ್ಗ ತುಳಿದು ಸೇದುವುದನ್ನು ನೋಡಿ ನಿಂತು, "ನಮ್ಗೂ ಕೈಯಿದ್ವು ಕಣವ್ವ. ನಾವೂ ನೋವಲ್ಲೇ ಸೇದ್ದೋ. ಯಾವ ಡಾಕ್ಟ್ರು, ಯಾವ ಎಕ್ಸ್‌ರೇ" ಎಂದರು. ಸಿಟ್ಟನ್ನು ಹಲ್ಲು ಕಚ್ಚಿ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ. ಆ ದಿನ ಕಂಬಿ ಹಿಡಿಯದಿದ್ದರೂ, ಬ್ಯಾಟು ಮುಟ್ಟದಿದ್ದರೂ, ಸಂಜೆಯ ಹೊತ್ತಿಗೆ ಭುಜ ಕತ್ತಿನ ತನಕ ಕಲ್ಲಾಗಿತ್ತು. ಕೈ ಏನೂ ಮಾಡದ ದಿನ ನೋವು ಯಾಕೆ ಹೆಚ್ಚಬೇಕು ಎಂಬುದು ನನಗೆ ಮೊದಲ ಸಲ ಹೊಳೆದ ಪ್ರಶ್ನೆ.

ಅದಾದ ಕೆಲವು ದಿನಕ್ಕೆ ಗಂಡ ಪರೀಕ್ಷೆಯ ಪೇಪರು ತಿದ್ದಲು ಮೈಸೂರಿಗೆ ಹೋದರು. ಅಲ್ಲಿಯ ತನಕ ನನ್ನ ಜಡೆಯ ಗುಟ್ಟು ನಮ್ಮಿಬ್ಬರಿಗೇ ಗೊತ್ತಿತ್ತು. ಬಲಗೈ ತಲೆಯ ಹಿಂದಕ್ಕೆ ಹೋಗದ ಮೇಲೆ, ದಿನಾ ಬೆಳಿಗ್ಗೆ ರೂಮಿನ ಬಾಗಿಲು ಹಾಕಿ ಅವರೇ ಹೇಗೋ ಒಂದು ಸೊಟ್ಟ ಜಡೆ ಹಾಕುತ್ತಿದ್ದರು. ಅವರು ಹೋದ ಬೆಳಿಗ್ಗೆ ನಾನು ಕನ್ನಡಿಯ ಮುಂದೆ ಎಡಗೈಯೊಂದರಲ್ಲೇ ಒದ್ದಾಡುತ್ತಿದ್ದೆ. ಬಸ್ಸಿನ ಹೊತ್ತು ಮೀರುತ್ತಿತ್ತು. ಬಾಚಣಿಗೆ ಕೈಜಾರಿ ಬಿತ್ತು. ಅದನ್ನು ಎತ್ತಿದವರು ಅತ್ತೆ. ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಬಾ ಇಲ್ಲಿ, ಹಿತ್ಲು ಮೆಟ್ಲತ್ರ."

ನನ್ನನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ, ತಾವು ಎರಡು ಮೆಟ್ಟಿಲು ಮೇಲೆ ಕೂತರು. ಕೂದಲು ಬಿಡಿಸತೊಡಗಿದರು. ಬಾಚಣಿಗೆ ಕುತ್ತಿಗೆಯಿಂದ ಕೆಳಗೆ ಚೆನ್ನಾಗಿ ಓಡುತ್ತಿತ್ತು, ನೆತ್ತಿಯ ಕಡೆ ಬರುತ್ತಲೇ ಇರಲಿಲ್ಲ. "ತಲೆ ಬಗ್ಸು, ಇನ್ನೂ ಬಗ್ಸು" ಎನ್ನುತ್ತಿದ್ದರು. ನನ್ನ ಗದ್ದ ಎದೆಗೆ ಮುಟ್ಟಿತು. ಅವರ ಉಸಿರು ಬಿಗಿಯಾದದ್ದು ಕೇಳಿಸಿ ತಿರುಗಿ ನೋಡಿದೆ. ಅವರ ಎರಡು ಮೊಣಕೈಗಳೂ ಪಕ್ಕೆಗೆ ಅಂಟಿದ್ದವು. ನಾನು ನಡೆಯುವಾಗ ಇಟ್ಟುಕೊಳ್ಳುವ ಹಾಗೆಯೇ.

"ಅತ್ತೆ, ಕೈ ಎತ್ತಿ ನೋಡೋಣ."

"ಏನಕ್ಕೆ?"

"ಸುಮ್ನೆ ಎತ್ತಿ."

ಎತ್ತಿದರು. ಬಲಗೈ ಭುಜದ ಮಟ್ಟಕ್ಕೂ ಬರಲಿಲ್ಲ. ಇಷ್ಟು ವರ್ಷ ಅವರು ಕೂದಲನ್ನು ಕಿವಿಯ ಪಕ್ಕಕ್ಕೆ ಎಳೆದು ಪುಟ್ಟ ಗಂಟು ಹಾಕುವುದನ್ನು ನೋಡಿದ್ದೆ. ಕುಪ್ಪಸದ ತೋಳು ದೊಗಲೆಯಾಗಿ ಹೊಲಿಸುವುದನ್ನು ನೋಡಿದ್ದೆ. ಉಪ್ಪಿನಕಾಯಿ ಜಾಡಿಗಳೆಲ್ಲ ನೆಲದ ಮೇಲೇ ಇರುವುದನ್ನೂ ನೋಡಿದ್ದೆ. ಹಳೆಯ ಕಾಲದವರ ಪದ್ಧತಿ ಎಂದುಕೊಂಡಿದ್ದೆ.

"ಯಾವಾಗಿಂದ ಹಿಂಗೆ?"

"ನಿಮ್ ಮಾವ ತೀರ್ಕಂಡ ವರ್ಷ ಶುರುವಾಯ್ತು. ಆರು ತಿಂಗಳು ಕಣ್ಣು ಮುಚ್ಚಲಿಲ್ಲ ನೋವಿಗೆ. ಆಮೇಲೆ ನೋವು ಹೋಯ್ತು, ಕೈ ಹಿಂಗೇ ನಿಂತೋಯ್ತು."

"ಯಾರಿಗೂ ಹೇಳಲಿಲ್ವಾ?"

"ಯಾರ್ಗ್ ಹೇಳ್ಲಿ? ಗಂಡ ಸತ್ತೋಳು ಕೈ ನೋವು ಅಂತ ಕೂತ್ರೆ ಜನ ಏನಂತಾರೆ? ಮಗ ಓದ್ತಿದ್ದ. ನೀರು ಬೇಕಲ್ಲ ಮನೆಗೆ. ಹಂಗೇ ಸೇದ್ದೆ." ಬಾಚಣಿಗೆಯನ್ನು ಮತ್ತೆ ಕೈಗೆತ್ತಿಕೊಂಡು, "ಬುಡು ಅತ್ಲಾಗೆ. ತಿರುಕ್ಕೋ, ಜಡೆ ಮುಗಿಸ್ತೀನಿ" ಎಂದರು.

ಆ ದಿನ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ಹೋದೆ. ಕಂಬಿಗೆ ಒರಗಿ ನಿಂತು ಯೋಚಿಸುತ್ತಿದ್ದೆ. ನನ್ನ ಮೇಲೆ ಅವರಿಗಿದ್ದದ್ದು ಅಸಡ್ಡೆಯಲ್ಲ. ತಮಗೆ ಯಾರೂ ಕೊಡದ ಆರೈಕೆಯನ್ನು ನಾನು ಬಾಯಿಬಿಟ್ಟು ಕೇಳುತ್ತಿದ್ದೇನೆ ಎಂಬ ಸಂಕಟ. ಅದು ಅರ್ಥವಾದ ಮೇಲೆ ಅವರ ಮೇಲಿನ ಸಿಟ್ಟು ನಿಲ್ಲಲಿಲ್ಲ.

ಗಂಡ ಮೈಸೂರಿನಿಂದ ಬಂದು ಚೀಲ ಇಳಿಸುವ ಮುಂಚೆಯೇ ಅತ್ತೆ ಹೇಳಿದರು, "ನಾಳೆಯಿಂದ ನೀರು ನೀನು ಸೇದು."

"ನಾನಾ?"

"ಹ್ಞೂಂ, ನೀನೆ. ಎರಡು ಕೈ ಚೆನ್ನಾಗಿರೋನು ಈ ಮನೇಲಿ ನೀನೊಬ್ನೆ."

ಅವರು ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಮರುದಿನ ಬೆಳಿಗ್ಗೆ ಚರಿತ್ರೆಯ ಅಧ್ಯಾಪಕರು ಪಂಚೆ ಎತ್ತಿಕಟ್ಟಿ ಬಾವಿಕಟ್ಟೆಯಲ್ಲಿ ನಿಂತರು. ಮೊದಲ ದಿನ ಕೊಡ ಅರ್ಧಕ್ಕೆ ಬಂದು ಜಾರಿ ಬಾವಿಗೇ ಬಿತ್ತು. ಗೋಡೆಯ ಮೇಲಿಂದ ಪಕ್ಕದ ಮನೆಯಾಕೆ, "ಅಯ್ಯೋ, ಮೇಷ್ಟ್ರೇ ಸೇದ್ತವ್ರಲ್ಲ!" ಎಂದರು. ಅತ್ತೆ ಒಳಗಿಂದಲೇ ಕೂಗಿದರು, "ಅವ್ನೂ ಸ್ನಾನ ಮಾಡ್ತಾನೆ ಕಣಮ್ಮ, ಅದ್ಕೆ!"

ತುಮಕೂರಿನ ಒಂದು ಆಸ್ಪತ್ರೆಗೆ ಬೆಂಗಳೂರಿನಿಂದ ವ್ಯಾಯಾಮ ಚಿಕಿತ್ಸೆಯವರು ವಾರಕ್ಕೊಮ್ಮೆ ಬರುತ್ತಾರೆಂದು ಹೇಳಿದ್ದು ತವರಿನಲ್ಲಿದ್ದ ಅಮ್ಮ. ಫಿಸಿಯೋಥೆರಪಿ ಎಂಬ ಪದಕ್ಕೆ ಆಗ ನಮ್ಮಲ್ಲಿ ಯಾರ ನಾಲಗೆಯೂ ತಿರುಗುತ್ತಿರಲಿಲ್ಲ. ಅತ್ತೆಯನ್ನೂ ಕರೆದುಕೊಂಡು ಹೋದೆ. ಬರಲ್ಲ ಎಂದರು, ಆದರೆ ಒಗೆದ ಸೀರೆ ಉಟ್ಟು ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿದ್ದರು.

ಆ ಚಿಕಿತ್ಸಕರು ನಡುವಯಸ್ಸಿನ ಹೆಂಗಸು, ಗಟ್ಟಿ ದನಿ, ಗಡಸು ಕೈ. ಎಕ್ಸ್‌ರೇ ಪಕ್ಕಕ್ಕಿಟ್ಟು ನನ್ನನ್ನು ಕೂರಿಸಿ, ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಏನೇನು ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಕೇಳುತ್ತ ಕೇಳುತ್ತ ಅವರ ಹುಬ್ಬು ಮೇಲೇರಿತು.

"ಇದೆಲ್ಲ ಮಾಡೋದು ಒಂದೇ ಭುಜಾನಾ?"

"ಮೊದಲಿಂದ ಹೀಗೇ ಮಾಡ್ತಿದ್ದೆ. ಏನೂ ಆಗಿರಲಿಲ್ಲ."

"ಸರಿ. ಈಗ ಕೈ ಎತ್ತಿದ್ರೆ ಏನಾಗುತ್ತೆ ಅಂತ ನಿಮಗನ್ಸುತ್ತೆ?"

"ಹರಿದೋಗುತ್ತೆ."

"ಯಾರು ಹೇಳಿದ್ರು?"

"ಸವೆದಿದೆ ಅಂದ್ರು."

"ಸವೆದಿರಬಹುದು. ನಿಮ್ಮ ವಯಸ್ಸಿಗೆ, ನೀವು ಆಡಿರೋ ಆಟಕ್ಕೆ, ಸ್ವಲ್ಪ ಸವೆದಿದ್ರೆ ಆಶ್ಚರ್ಯ ಇಲ್ಲ. ನೀವು ಹೆದರಿದೀರಿ, ಅದು ಅದಕ್ಕಿಂತ ದೊಡ್ಡದು."

ನನಗೆ ರೇಗಿತು. "ನಾನು ಹೆದರೋಳಲ್ಲ" ಎಂದೆ. ಅವರು ನಗಲಿಲ್ಲ. ಮಲಗಿ ಎಂದರು. ಮಂಚದ ಮೇಲೆ ಅಂಗಾತ ಮಲಗಿದೆ. ಮೊಣಕೈಯ ಕೆಳಗೆ ಅಂಗೈ ಇಟ್ಟು, "ಕೈ ನನಗೆ ಕೊಡಿ. ಹಿಡ್ಕೋಬೇಡಿ. ಉಸಿರು ಬಿಡಿ" ಎಂದರು. ಹಿಡಿದುಕೊಳ್ಳದೆ ಇರುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಮೂರು ಸಲ ಉಸಿರು ಬಿಟ್ಟ ಮೇಲೆ ಭುಜ ಸಡಿಲವಾಯಿತು. ಕೈ ನಿಧಾನವಾಗಿ ಮೇಲೆ ಹೋಯಿತು. ಎದೆ ದಾಟಿತು, ಮುಖ ದಾಟಿತು. ಮಧ್ಯದಲ್ಲೊಮ್ಮೆ ಚಳಕ್ಕೆಂದಿತು, ಆಮೇಲೆ ಕಿವಿಯ ಪಕ್ಕದಲ್ಲಿ ದಿಂಬಿನ ಮೇಲೆ ಹೋಗಿ ಕೂತಿತು. ತಲೆಯ ಮೇಲೆ ನನ್ನದೇ ಅಂಗೈ ಕಂಡು ಕಣ್ಣಲ್ಲಿ ನೀರು ಬಂತು.

"ದಾರಿ ಮುಚ್ಚಿಲ್ಲ" ಎಂದರು ಅವರು. "ಎತ್ತೋ ಸ್ನಾಯುಗೆ ಬಲ ಹೋಗಿದೆ, ಅದಕ್ಕೆ ನೋವು. ಮೂಲೇಲಿ ಕೂರಿಸಿದ್ರೆ ಬಲ ಬರಲ್ಲ. ಸ್ವಲ್ಪ ಸ್ವಲ್ಪ ಕೆಲಸ ಕೊಡಿ. ಸ್ವಲ್ಪ ನೋವಾದ್ರೆ ಹಾಳಾಯ್ತು ಅಂತಲ್ಲ. ರಾತ್ರಿ ನಿದ್ದೆ ಕೆಡಿಸೋಷ್ಟು ಆದ್ರೆ ಮಾರನೇ ದಿನ ಕಡಿಮೆ ಮಾಡಿ. ನೀವು ಡ್ರಿಲ್ ಟೀಚರ್, ನಿಮಗೆ ನಾನು ಹೇಳಬೇಕಾ?"

ಆಮೇಲೆ ಅತ್ತೆಯ ಸರದಿ. ಅವರ ಕೈ ಬೇರೆ ಥರ. ಚಿಕಿತ್ಸಕರು ಎತ್ತಿದರೂ ಏಳಲಿಲ್ಲ, ಅರ್ಧಕ್ಕೆ ಬೀಗ ಹಾಕಿದ ಹಾಗೆ ನಿಂತಿತು. "ನಿಮ್ಮದು ಕೀಲೇ ಬಿಗಿದಿದೆಯಮ್ಮ. ನಿಧಾನ ಆಗುತ್ತೆ. ಪೂರ್ತಿ ಬರುತ್ತೆ ಅಂತ ಸುಳ್ಳು ಹೇಳಲ್ಲ. ಈಗಿರೋದಕ್ಕಿಂತ ಮೇಲೆ ಹೋಗೋದು ಖಂಡಿತ" ಎಂದರು. ಅತ್ತೆ ಸೆರಗು ಸರಿಮಾಡಿಕೊಂಡು, "ನನ್ನೂ ಒಬ್ರು ಕೇಳಿದ್ರಲ್ಲ, ಅಷ್ಟೇ ಸಾಕು" ಎಂದರು.

ಮನೆಯಲ್ಲಿ ಬಾವಿಗೆ ಹಾಕುವಂಥ ಒಂದು ರಾಟೆ ಕಟ್ಟಿ, ಹಗ್ಗ ಹಾಕಿ, ಒಳ್ಳೆ ಕೈಯಿಂದ ಎಳೆದು ನೋವಿನ ಕೈ ಮೇಲೇರಿಸಬೇಕು ಎಂದು ತೋರಿಸಿಕೊಟ್ಟರು. ಅತ್ತೆಗೆ ನಗು ತಡೆಯಲಾಗಲಿಲ್ಲ. "ಜೀವ್ಮಾನೆಲ್ಲ ರಾಟೆ ಎಳ್ದಿದ್ದಕ್ಕೆ ಬಂದಿರೋ ನೋವಿಗೆ ರಾಟೆನೇ ಔಷ್ದಿನಾ?"

"ಆಗ ಕೊಡ ಎತ್ತಕ್ಕೆ ಎಳೀತಿದ್ರಿ. ಈಗ ಕೈ ಎತ್ತಕ್ಕೆ ಎಳೀರಿ."

ಅಟ್ಟದಲ್ಲಿದ್ದ ಹಳೆಯ ರಾಟೆಯನ್ನು ಗಂಡ ಹಿಂದಿನ ಪಡಸಾಲೆಯ ತೊಲೆಗೆ ಕಟ್ಟಿದರು. ಎರಡು ತುದಿಗೂ ಮರದ ತುಂಡು ಬಿಗಿದರು. ಅದು ಕಿರ್ರ್ ಎನ್ನುತ್ತಿದ್ದರಿಂದ ನಾವು ವ್ಯಾಯಾಮ ಮಾಡುವುದು ಬೀದಿಗೆಲ್ಲ ತಿಳಿಯುತ್ತಿತ್ತು. ನಾನು ಎಳೆಯುವಾಗ ಅತ್ತೆ ಎಣಿಸುತ್ತಿದ್ದರು, ಅತ್ತೆ ಎಳೆಯುವಾಗ ನಾನು. ಅವರು ಕಳ್ಳತನ ಮಾಡಿ ಎಣಿಕೆ ಹಾರಿಸಿದರೆ ನಾನು ಶಾಲೆಯ ದನಿ ತೆಗೆಯುತ್ತಿದ್ದೆ. "ವಿಷಲ್ಲೊಂದು ಬಾಕಿ" ಎಂದು ಅವರು ಗೊಣಗುತ್ತಿದ್ದರು. ಆಮೇಲೆ ಗೋಡೆಯ ಮೇಲೆ ಬೆರಳು ನಡೆಸುವುದು, ಆಮೇಲೆ ಮರಳು ತುಂಬಿದ ಪುಟ್ಟ ಚೀಲ ಎತ್ತುವುದು.

ಬಸ್ಸಿನ ವಿಷಯ ಉಳಿದಿತ್ತು. ಸೀಟು ಕೇಳುವುದು ನನಗೆ ಸ್ಮ್ಯಾಶ್ ಹೊಡೆಯುವುದಕ್ಕಿಂತ ಕಷ್ಟ. ಗಟ್ಟಿಗಿತ್ತಿ ಎಂಬ ಹೆಸರು ಹೊತ್ತವಳು "ನನಗೆ ಆಗಲ್ಲ" ಎನ್ನುವುದು ಹೇಗೆ? ಒಂದು ಬೆಳಿಗ್ಗೆ ಹೆಂಗಸರ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ಗಂಡಸೊಬ್ಬರಿಗೆ, "ಸ್ವಲ್ಪ ಜರುಗಿ, ನನಗೆ ಭುಜ ನೋವು, ನಿಲ್ಲಕ್ಕಾಗಲ್ಲ" ಎಂದೆ. ಆತ ಎದ್ದೇಬಿಟ್ಟರು. ಇಷ್ಟೇನಾ ಎನಿಸಿತು. ಆಮೇಲೆ ಕಂಡಕ್ಟರ್ ನನ್ನನ್ನು ಕಂಡರೆ, "ಏಯ್, ಮೇಡಂಗೆ ಜಾಗ ಬಿಡ್ರಪ್ಪ" ಎಂದು ತಾನೇ ಕೂಗುತ್ತಿದ್ದ.

ಹೆಡ್‌ಮಿಸ್ಟ್ರೆಸ್ ಆಫೀಸಿಗೆ ನಾನಾಗಿಯೇ ಹೋದೆ. "ಹೊಲಿಗೆ ಕ್ಲಾಸ್ ಬೇಡ ಮೇಡಂ. ಡ್ರಿಲ್ ನನ್ನದೇ. ಮೇಜಿನ ಮೇಲೆ ಹತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಮಾಡಿ ತೋರಿಸ್ತಾರೆ, ನಾನು ಸಾಲಿನ ಮಧ್ಯೆ ಓಡಾಡಿ ತಿದ್ದುತೀನಿ."

"ಕೈ ಎತ್ತಕ್ಕಾಗದೆ ಡ್ರಿಲ್ ಹೇಗ್ರೀ?"

"ಕೈ ಬರ್ತಾ ಇದೆ. ಬರೋ ತನಕ ಬಾಯಿದೆ, ಕಣ್ಣಿದೆ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಆಗಸ್ಟ್ ಹದಿನೈದಕ್ಕೆ ತಾಲ್ಲೂಕಿನೋರೆಲ್ಲ ಬರ್ತಾರೆ. ಮರ್ಯಾದೆ ಉಳಿಸಿ" ಎಂದರು. ಉಳಿಸಿದೆವು. ಮೇಜಿನ ಮೇಲೆ ನಿಂತು ನಾನೇ ತೋರಿಸುತ್ತಿದ್ದಾಗ ನನಗೆ ಹಿಂದಿನ ಸಾಲು ಕಾಣುತ್ತಿರಲಿಲ್ಲ. ಈಗ ಹಿಂದಿನ ಸಾಲಿನ ಸೋಮಾರಿಗಳೆಲ್ಲ ಕೈಗೆ ಸಿಕ್ಕಿದರು. ಆ ವರ್ಷದ ಡ್ರಿಲ್ ಅದಕ್ಕೆ ಮುಂಚಿನ ಎಲ್ಲಕ್ಕಿಂತ ಚೆನ್ನಾಗಿತ್ತು ಎಂದು ಊರಿನವರು ಹೇಳಿದರು, ನನಗೂ ಹಾಗೇ ಕಂಡಿತು.

ನೋವು ನೇರವಾಗಿ ಇಳಿಯಲಿಲ್ಲ. ಎರಡು ವಾರ ಚೆನ್ನಾಗಿರುತ್ತಿತ್ತು, ಇದ್ದಕ್ಕಿದ್ದಂತೆ ಮತ್ತೆ ಹಿಡಿಯುತ್ತಿತ್ತು. ಅಪ್ಪ ಕಾಯಿಲೆ ಬಿದ್ದ ತಿಂಗಳು ಮೊದಲಿನಷ್ಟೇ ಆಯಿತು. ಆದರೆ ಈ ಸಲ ಕೈಯನ್ನು ಪಕ್ಕೆಗೆ ಕಟ್ಟಿಕೊಳ್ಳಲಿಲ್ಲ. ನಿದ್ದೆ ಇಲ್ಲ, ಊಟ ಇಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಮುದುಡಿ ಕೂತು ದಿನ ಕಳೆಯುತ್ತಿದ್ದೇನೆ, ಭುಜ ಹೇಳುತ್ತಿರುವುದು ಅದನ್ನೇ ಎಂದು ಗೊತ್ತಿತ್ತು. ಮರಳಿನ ಚೀಲ ಸಣ್ಣದು ಮಾಡಿಕೊಂಡೆ, ಬಿಡಲಿಲ್ಲ. ಅಪ್ಪ ಸುಧಾರಿಸಿ ಮನೆಗೆ ಬಂದ ಮೇಲೆ ಅದೂ ಸುಧಾರಿಸಿತು.

ಒಂದು ವರ್ಷದ ಹೊತ್ತಿಗೆ ನನ್ನ ಕೈ ಪೂರ್ತಿ ಮೇಲೆ ಹೋಗುತ್ತಿತ್ತು. ಅತ್ತೆಯದು ಹಣೆಯ ತನಕ ಬಂತು. ಅವರು ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಗೂಡಿಗೆ ಏರಿಸಿ, ಒಂದು ಹಗಲೆಲ್ಲ ಬಂದವರಿಗೆಲ್ಲ ಗೂಡು ತೋರಿಸಿದರು. ನೀರು ಸೇದುವುದು ಮಾತ್ರ ಮಗನ ಕೈಯಲ್ಲೇ ಉಳಿಯಿತು. ವಾಪಸು ಕೊಡುತ್ತೇನೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮತ್ತೆ ಬ್ಯಾಟು ಹಿಡಿದೆ. ಹಳೆಯ ಸ್ಮ್ಯಾಶ್ ಬರಲಿಲ್ಲ. ಅದರ ಅರ್ಧ ಬಂತು. ಮೊದಲ ತಿಂಗಳು ಅದಕ್ಕಾಗಿ ಅತ್ತಿದ್ದೂ ಉಂಟು. ಆಮೇಲೆ ಚೆಂಡನ್ನು ಹೊಡೆಯುವ ಬದಲು ಇಡುವುದನ್ನು ಕಲಿತೆ. ನೆಟ್ಟಿನ ಹತ್ತಿರ ಸುಮ್ಮನೆ ಒಂದು ತಟ್ಟು, ಹಿಂದಿನ ಗೆರೆಗೆ ಒಂದು ಉದ್ದದ ಎಸೆತ. ತುಮಕೂರಿನಲ್ಲಿ ಶಿಕ್ಷಕಿಯರ ಪಂದ್ಯ ನಡೆದಾಗ ಗುಬ್ಬಿ ತಂಡದಲ್ಲಿ ನಾನೇ ಎಲ್ಲರಿಗಿಂತ ಹಿರಿಯಳು. ಎದುರಿಗೆ ಬೆಳ್ಳಾವಿ ಕಡೆಯ ಒಬ್ಬ ಚುರುಕಿನ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು. ನಾನು ಕೈ ಎತ್ತಿದ ಕೂಡಲೇ ಹಿಂದಕ್ಕೆ ಓಡುತ್ತಿದ್ದಳು. ಚೆಂಡು ಅವಳ ಮುಂದೆ ಮೆತ್ತಗೆ ಬೀಳುತ್ತಿತ್ತು. ಪಂದ್ಯ ಗೆದ್ದೆವು. ಅವಳು ಕೈಕುಲುಕುತ್ತ, "ಮೇಡಂ, ನೀವು ಹೊಡೀತೀರಿ ಅಂತ ಕಾಯ್ತಾನೇ ಇದ್ದೆ" ಎಂದಳು. "ನಾನೂ ಕಾಯ್ತಿದ್ದೆ, ನೀನು ಹಿಂದಕ್ಕೆ ಹೋಗ್ಲಿ ಅಂತ" ಎಂದೆ. ಮುಂದಿನ ಪಂದ್ಯದಲ್ಲಿ ಸೋತೆವು, ಚೆನ್ನಾಗಿಯೇ ಸೋತೆವು.

ಕುಣಿಗಲ್ಲಿನ ನಮ್ಮ ಬೀದಿಯಲ್ಲಿ ಅತ್ತೆ ಅಷ್ಟರಲ್ಲಿ ಅರ್ಧ ಡಾಕ್ಟರಾಗಿದ್ದರು. ಮನೆಗೆ ಬಂದ ಹೆಂಗಸರು ಯಾರಾದರೂ ಭುಜ ಹಿಡಿದುಕೊಂಡರೆ ಸಾಕು, "ಎತ್ತು ನೋಡಾಣ" ಎನ್ನುತ್ತಿದ್ದರು. ಒಂದು ಭಾನುವಾರ ಎದುರುಮನೆಯ ಹೆಂಗಸು ಬಂದು ಕೂತಳು. ಬೆಳಗಿನಿಂದ ಸಂಜೆಯ ತನಕ ರುಬ್ಬುಗುಂಡು ತಿರುಗಿಸಿ, ಗಂಡನ ಹೋಟೆಲಿಗೆ ದೋಸೆ ಹಿಟ್ಟು ಮಾಡಿಕೊಡುತ್ತಿದ್ದವಳು. ತೋಳು ಒತ್ತಿಕೊಳ್ಳುತ್ತಿದ್ದಳು. ನಾನು ರಾಟೆಯ ಹಗ್ಗ ಸರಿಮಾಡಲು ಎದ್ದೆ.

"ತಡಿ, ರಾಟೆ ಆಮೇಲೆ" ಎಂದರು ಅತ್ತೆ. ಅವಳ ಪಕ್ಕಕ್ಕೆ ಸರಿದು ಕೂತು ಕೇಳಿದರು, "ಮೊದ್ಲು ಹೇಳು. ಮನೇಲಿ ಕೈ ಇರೋರು ಇನ್ನೂ ಯಾರ್ಯಾರಿದೀರಿ?"

ಅವಳು ಬೆರಳು ಮಡಿಸಿ ಎಣಿಸತೊಡಗಿದಳು. ಗಂಡ, ಮೈದುನ, ಇಬ್ಬರು ದೊಡ್ಡ ಮಕ್ಕಳು. ಎಣಿಸುತ್ತ ಎಣಿಸುತ್ತ ಅವಳಿಗೇ ನಗು ಬಂತು. ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಆ ಮಾತು ಬೇಗ ಮುಗಿಯುವಂಥದಾಗಿರಲಿಲ್ಲ.